ಸಂಶಿ ಪೇಟೆಯಲ್ಲಿ ನಿಂತ ಕಾರು

ಅತ್ತೆಯ ಕಣ್ಣಿನ ಪೊರೆ ತೆಗೆಸಿ ಕೆಲವೇ ದಿನಗಳಾಗಿದ್ದವು. ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಿ ನಮ್ಮೂರು ಯರಗುಪ್ಪಿಗೆ ವಾಪಸಾಗುತ್ತಿದ್ದೆವು. ಯಜಮಾನರು ಹೊಲದಲ್ಲಿ ಕಡಲೆ ರಾಶಿ ಮಾಡಿಸುತ್ತಿದ್ದರು, ಹಾಗಾಗಿ ಕಾರು ನಾನೇ ಓಡಿಸುತ್ತಿದ್ದೆ. ಲೈಸೆನ್ಸು ಇನ್ನೂ ಹೊಸದು. ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಪಕ್ಕದಲ್ಲಿ ಕೂತಿದ್ದರು. ಭಾರ ಎತ್ತಬೇಡಿ, ಬಗ್ಗಬೇಡಿ ಎಂದು ಡಾಕ್ಟರು ಒತ್ತಿ ಹೇಳಿ ಕಳಿಸಿದ್ದರು.

ಸಂಶಿ ಪೇಟೆಯಲ್ಲಿ ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ಒತ್ತುವ ಗಡಿಬಿಡಿಯಲ್ಲಿ ಕ್ಲಚ್ ಬಿಟ್ಟುಬಿಟ್ಟೆ. ಗಾಡಿ ಒಮ್ಮೆ ಜಗ್ಗಿ ಬಂದ್ ಬಿತ್ತು. ಕುರಿಗಳು ದಾಟಿದ ಮೇಲೆ ಕೀ ತಿರುಗಿಸಿದೆ. 'ಟಕ್' ಅಂದಿತು, ಅಷ್ಟೇ. ಮತ್ತೆ ತಿರುಗಿಸಿದೆ, ಮತ್ತೆ 'ಟಕ್'. ಹಿಂದೆ ಬಸ್ಸಿನವನು ಹಾರ್ನಿನಿಂದ ಕೈ ತೆಗೆಯಲೇ ಇಲ್ಲ.

ಚಾದಂಗಡಿ ಮುಂದೆ ಕೂತವರೊಬ್ಬರು ನನಗೆ ಕೇಳುವಂತೆಯೇ ಅಂದರು: "ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗಽ ನೋಡ್ರಿ."

ನನ್ನ ಮುಖ ಕಾದ ಹಂಚಾಯಿತು. ಹಾಗೆಂದವರೇ ಎದ್ದು ಬಂದು ಕಿಟಕಿಗೆ ಬಗ್ಗಿದರು.

"ಅಕ್ಕಾರ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಒತ್ತಿ ಹಿಡೀರಿ. ನಾವು ನೂಕತೀವಿ. ಬಿಡ್ರಿ ಅಂದಾಗ ಬಿಡ್ರಿ."

ನಾಲ್ಕು ಮಂದಿ ಸೇರಿದರು. ಗಾಡಿ ಹೊರಳತೊಡಗಿತು. ಕನ್ನಡಿಯಲ್ಲಿ ನೋಡಿದರೆ ಅಂಗಿಗಳ ನಡುವೆ ಒಂದು ಇಳಕಲ್ ಸೆರಗು, ಕಪ್ಪು ಕನ್ನಡಕ. ಪಕ್ಕದ ಸೀಟು ಖಾಲಿ. ಅತ್ತೆ ಯಾವಾಗ ಇಳಿದರೋ ಗೊತ್ತೇ ಆಗಿರಲಿಲ್ಲ. ಹಣೆಯ ವಿಭೂತಿ ಗಾಜಿಗೆ ತಾಗುವಷ್ಟು ಬಗ್ಗಿ ನೂಕುತ್ತಿದ್ದರು. "ಅತ್ತಿ, ಬ್ಯಾಡ್ರಿ!" ಎಂದು ಕೂಗುವಷ್ಟರಲ್ಲಿ ನೂಕುವವರು "ಬಿಡ್ರಿ!" ಅಂದರು. ಕಾಲು ತೆಗೆದೆ. ಗಾಡಿ ಕೆಮ್ಮಿ ಚಾಲೂ ಆಯಿತು.

ಆಗ ನಿಲ್ಲಿಸಬೇಕಿತ್ತು. ಮತ್ತೆ ಬಂದ್ ಬಿದ್ದರೆ ಎಂಬ ಹೆದರಿಕೆಗೆ ನಿಲ್ಲಿಸದೆ ಹೋಗಿ, ಪೇಟೆ ದಾಟಿದ ಮೇಲೆ ಎಂಜಿನ್ ಚಾಲೂ ಇಟ್ಟೇ ನಿಂತೆ. ಹಿಂದೆ ಅತ್ತೆ ಬಿಸಿಲಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದು ಬರುತ್ತಿದ್ದರು. ಜನ ನೋಡುತ್ತಿದ್ದರು.

"ನೀವ್ಯಾಕ ಇಳದ್ರಿ ಅತ್ತಿ? ಡಾಕ್ಟರ್ ಏನ್ ಹೇಳ್ಯಾರ?"

"ಮಂದಿ ನೂಕಾಕತ್ತಿದ್ರು, ನಾ ಒಳಗ ಕುಂತ ಭಾರ ಆಗಲೇನು?" ಎಂದು ಏದುಸಿರು ಬಿಡುತ್ತ ಕೂತರು.

ಮಾರನೆ ದಿನ ನಮ್ಮೂರ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದ. "ಎಂಜಿನ್ ತಾನಽ ಏಳೂದಿಲ್ರಿ ವೈನಿ, ಯಾರರ ತಿರುವಿ ಎಬ್ಬಿಸಬೇಕು. ಹಿಂದಕ ಹ್ಯಾಂಡಲ್ ಹಾಕಿ ತಿರುವತಿದ್ರು, ಈಗ ಸ್ಟಾರ್ಟರ್ ಮೋಟಾರ್ ತಿರುವತೈತಿ" ಎಂದ. ಅವನು ತೋರಿಸಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಕೀ ತಿರುಗಿಸಿದರೆ ಮೊದಲು ಸ್ವಲ್ಪ ಕರೆಂಟು ಮೋಟಾರಿನ ಮೇಲಿನ ಒಂದು ಸುರುಳಿಗೆ ಹೋಗುತ್ತದೆ. ಸುರುಳಿ ಅಯಸ್ಕಾಂತವಾಗಿ, ಒಂದು ಸಣ್ಣ ಹಲ್ಲಿನ ಚಕ್ರವನ್ನು ಎಂಜಿನ್ನಿನ ದೊಡ್ಡ ಹಲ್ಲುಚಕ್ರಕ್ಕೆ ಸಿಕ್ಕಿಸುತ್ತದೆ. ಜೊತೆಗೇ ಬ್ಯಾಟರಿಯಿಂದ ಮೋಟಾರಿಗೆ ಜೋರು ಕರೆಂಟಿನ ದಾರಿ ತೆರೆಯುತ್ತದೆ. ಮೋಟಾರು ಎಂಜಿನ್ನನ್ನು ತಿರುಗಿಸುತ್ತದೆ. ಎಂಜಿನ್ ಎದ್ದು, ನಾವು ಕೀ ಬಿಟ್ಟೊಡನೆ ಸಣ್ಣ ಚಕ್ರ ಹಿಂದೆ ಸರಿಯುತ್ತದೆ. ನಮ್ಮ ಗಾಡಿಯ 'ಟಕ್' ಆ ಸುರುಳಿಯ ಸದ್ದು. ಬ್ಯಾಟರಿಯ ತುದಿಗೆ ಬಿಳಿ ಕಿಲುಬು ಕಟ್ಟಿ, ಜೋರು ಕರೆಂಟು ಮೋಟಾರಿಗೆ ಮುಟ್ಟಿರಲಿಲ್ಲ. ನೂಕಿದಾಗ ಎಂಜಿನ್ನನ್ನು ತಿರುಗಿಸಿದ್ದು ಗಾಡಿಯ ಚಕ್ರಗಳೇ. ಮೆಕ್ಯಾನಿಕ್ ಬಿಸಿನೀರು ಹೊಯ್ದು, ತಿಕ್ಕಿ, ನಟ್ಟು ಬಿಗಿದ. ಮೊದಲ ಸಲಕ್ಕೇ ಗಾಡಿ ಎದ್ದಿತು.

ದೋಷ ಕಿಲುಬಿನದು ಎಂದು ಸಮಾಧಾನವಾಗಬೇಕಿತ್ತು. ಅಷ್ಟರಲ್ಲಿ ಅತ್ತೆ ಕನ್ನಡಕ ತೆಗೆದರು. ಕಣ್ಣು ಕೆಂಪಗಾಗಿತ್ತು.

ಅದೇ ಕಾರಿನಲ್ಲಿ ಮತ್ತೆ ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಲೈಟು ಹಿಡಿದು ನೋಡಿ, "ಏನರ ಭಾರ ಎತ್ತಿದ್ರೇನ್ರಿ?" ಎಂದು ಕೇಳಿದರು.

"ಎತ್ತಿಲ್ರಿ. ಸೊಸಿ ಕಾರ್ ನೂಕೇನಿ," ಎಂದರು ಅತ್ತೆ, ದೊಡ್ಡ ಸಾಹಸ ಮಾಡಿದವರಂತೆ.

ಡಾಕ್ಟರು ಅವರನ್ನು ಬಿಟ್ಟು ನನ್ನತ್ತ ತಿರುಗಿದರು. "ಹಿಂಗ ಕರ್ಕೊಂಡು ಹೋಗೂದೇನ್ರಿ ಪೇಶಂಟನ್ನ?" ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಬಾಗಿಲ ಕಡೆ ನೋಡಿದರು. ಹೊಲಿಗೆ ಗಟ್ಟಿಯಾಗಿದೆ, ಹನಿ ಔಷಧಿಗೆ ಕೆಂಪು ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದನ್ನೂ ತಲೆ ತಗ್ಗಿಸಿಯೇ ಕೇಳಿದೆ. ಕೆಲ ದಿನಗಳಲ್ಲಿ ಕಣ್ಣು ನಿಜವಾಗಿಯೂ ನೆಟ್ಟಗಾಯಿತು.

ಅಂದು ಮನೆಗೆ ಬಂದು ಡಾಕ್ಟರು ಬೈದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಊಟಕ್ಕೆ ಕೂತಾಗ ಅತ್ತೆಯೇ ಮಗನಿಗೆ ಎಲ್ಲ ಹೇಳಿದರು, ನಕ್ಕು ನಕ್ಕು. ರೊಟ್ಟಿ ತರುವ ನೆವದಲ್ಲಿ ನಾನು ಎದ್ದು ಒಳಗೆ ಹೋದೆ.