ಡಬ್ಬಿ ತುಂಬಿದೆ, ಆದಾಯ ಒಂದು ಡಾಲರ್

ಅಕ್ಕಿ ಡಬ್ಬಿಯ ತಳ ಕಂಡಾಗ ‘ಅಕ್ಕಿ ಮುಗಿದಿದೆ’ ಎನ್ನಬಾರದು, ‘ಅಕ್ಕಿ ತುಂಬಿದೆ’ ಎನ್ನಬೇಕು ಎಂಬುದು ನಮ್ಮಮ್ಮನ ಅಡುಗೆಮನೆಯ ಮೊದಲ ಶಾಸನ. ನಿಮ್ಮ ಮನೆಯಲ್ಲೂ ಇದ್ದೀತು. ನಾವು ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಹೊರಟವರು ಹೋಗುವುದಿಲ್ಲ, ಹೋಗಿ ಬರುತ್ತಾರೆ. ‘ಇಲ್ಲ’ ಎಂದು ಬಾಯಿಬಿಟ್ಟು ಹೇಳಿದರೆ ಆ ಇಲ್ಲದಿರುವಿಕೆಯೇ ಒಳಗೆ ಬಂದು ಚಾಪೆ ಹಾಸಿಕೊಂಡು ಕೂತುಬಿಡುತ್ತದೆ ಎಂಬ ಭಯ. ಮೈಸೂರಿನಿಂದ ನಾನು ತಂದ ಮರದ ಕಡೆಗೋಲನ್ನು ಆಸ್ಟ್ರೇಲಿಯದ ವಿಮಾನ ನಿಲ್ದಾಣದ ತಪಾಸಣೆಯವರು ಹುಳು ಇದ್ದೀತೆಂದು ಕಿತ್ತುಕೊಂಡರು. ಈ ಶಾಸನ ಮಾತ್ರ ಅವರ ಕಣ್ಣಿಗೆ ಬೀಳದೆ ಪಾರಾಗಿ ಬಂದಿತು. ಇಷ್ಟು ವರ್ಷಗಳ ಮೇಲೆ ಅದು ನನ್ನನ್ನು ಸರ್ಕಾರಿ ಕಚೇರಿಯ ಮುಂದೆ ನಿಲ್ಲಿಸೀತೆಂದು ಯಾರು ಎಣಿಸಿದ್ದರು?

ನಾನು ಪರ್ತ್‌ನಲ್ಲಿ ಗಣಿಗಳಿಗೆ ನಕ್ಷೆ ಬರೆಯುವ ಎಂಜಿನಿಯರ್ ಆಗಿದ್ದೆ. ಭೂಮಿಯನ್ನು ಎಲ್ಲಿ ಎಷ್ಟು ಅಗೆಯಬೇಕೆಂದು ಗೆರೆ ಎಳೆದು ತೋರಿಸುತ್ತಿದ್ದ ನನಗೆ, ನನ್ನ ಕಾಲ ಕೆಳಗಿನ ನೆಲ ಅಗೆಯಲ್ಪಡುತ್ತಿರುವುದು ಮಾತ್ರ ತಿಳಿಯಲಿಲ್ಲ. ಗಣಿಗಳ ಭರಾಟೆ ಇಳಿಯಿತು, ಕೆಲಸ ಹೋಯಿತು. ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲೊಂದು ಗುತ್ತಿಗೆ ಕೆಲಸ ಸಿಕ್ಕಿತೆಂದು ದೇಶದ ಆ ಅಂಚಿನಿಂದ ಈ ಅಂಚಿಗೆ ಬಂದೆ. ಗುತ್ತಿಗೆ ಮುಗಿಯಿತು, ಬಾಡಿಗೆ ಮನೆ ಉಳಿಯಿತು. ಐವತ್ತು ದಾಟಿದವಳನ್ನು ಸಂದರ್ಶನಕ್ಕೆ ಕರೆದವರೆಲ್ಲ ನನ್ನ ಅನುಭವವನ್ನು ಹೊಗಳಿ, ಇಪ್ಪತ್ತೈದರ ಹುಡುಗನಿಗೆ ಕೆಲಸ ಕೊಟ್ಟರು. ಕೊನೆಗೆ ನಿರುದ್ಯೋಗಿಗಳಿಗೆ ಸರ್ಕಾರ ಕೊಡುವ ಭತ್ಯೆಗೆ ಅರ್ಜಿ ಹಾಕಿದೆ. ಜೊತೆಗೆ ಇದೇ ಊರಿನ ಸೇಂಟ್ ಲೂಸಿಯಾ ಬಡಾವಣೆಯ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗಳ ಕಾಲಕ್ಕೆ ಮಾತ್ರ ಮೇಲ್ವಿಚಾರಕಿಯ ಕೆಲಸ ಸಿಕ್ಕಿತು.

ಇಲ್ಲಿ ನಿಮಗೊಂದು ವಿಷಯ ತಿಳಿದಿರಬೇಕು. ಈ ಭತ್ಯೆ ಬರುವುದು ಎರಡು ವಾರಕ್ಕೊಮ್ಮೆ, ಅಂದರೆ ನಮ್ಮ ಲೆಕ್ಕದಲ್ಲಿ ಪಕ್ಷಕ್ಕೊಮ್ಮೆ. ಪ್ರತಿ ಪಕ್ಷವೂ ‘ಈ ಅವಧಿಯಲ್ಲಿ ಎಷ್ಟು ದುಡಿದೆ’ ಎಂದು ಕಂಪ್ಯೂಟರಿನಲ್ಲಿ ಒಪ್ಪಿಸಬೇಕು. ಒಂದು ಸಣ್ಣ ಮಿತಿಯ ತನಕ ಅವರು ತಂಟೆಗೆ ಬರುವುದಿಲ್ಲ. ಅದನ್ನು ದಾಟಿ ದುಡಿದ ಪ್ರತಿ ಡಾಲರಿಗೂ ಭತ್ಯೆಯಲ್ಲಿ ಅರ್ಧ ಡಾಲರು, ಮತ್ತೂ ದುಡಿದರೆ ಅರ್ಧಕ್ಕಿಂತ ಹೆಚ್ಚು, ಕಡಿತ. ಹೀಗಾಗಿ ಸಂಬಳಕ್ಕೆ ಶುಕ್ಲಪಕ್ಷ ಬಂದಾಗ ಭತ್ಯೆಗೆ ಕೃಷ್ಣಪಕ್ಷ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಾವು ಕಲಿತದ್ದೇನೋ ನಿಜ, ಆದರೆ ಆ ಮೊಸರಿನಲ್ಲಿ ಅರ್ಧ ಬಟ್ಟಲನ್ನು ಕಚೇರಿ ಅಳೆದು ವಾಪಸು ಪಡೆಯುತ್ತದೆ. ಉಳಿದದ್ದರಲ್ಲಿ ಬಸ್ಸಿನ ಚಾರ್ಜೂ ಕಳೆಯಬೇಕು.

ಪರೀಕ್ಷೆಗಳಿದ್ದ ಪಕ್ಷಗಳಲ್ಲಿ ನಾನು ದುಡಿದದ್ದನ್ನು ಪ್ರಾಮಾಣಿಕವಾಗಿ ಒಪ್ಪಿಸಿದೆ. ತೊಂದರೆ ಶುರುವಾದದ್ದು ಪರೀಕ್ಷೆಗಳಿಲ್ಲದ ಪಕ್ಷಗಳಲ್ಲಿ. ಗಳಿಕೆ ಎಷ್ಟು ಎಂಬ ಖಾಲಿ ಚೌಕದಲ್ಲಿ ಸೊನ್ನೆ ತುಂಬಬೇಕು. ಬೆರಳು ಕೀಲಿಯ ಮೇಲೆ ಹೋಯಿತು, ನಿಂತಿತು. ಸಂಪಾದನೆಯ ಜಾಗದಲ್ಲಿ, ಅದೂ ನನ್ನ ಕೈಯಾರೆ, ಸೊನ್ನೆ! ಅಮ್ಮ ನೋಡಿದ್ದರೆ ಬೆರಳಿಗೇ ಬಾರಿಸುತ್ತಿದ್ದಳು. ಎಂಜಿನಿಯರಿಂಗಿನಲ್ಲಿ ಗಣಿತಕ್ಕೆ ಚಿನ್ನದ ಪದಕ ಪಡೆದ ನಾನು ಆಚೀಚೆ ನೋಡಿ ‘ಒಂದು’ ಎಂದು ಒತ್ತಿದೆ. ಸುಳ್ಳಾದರೂ ಸರ್ಕಾರಕ್ಕೆ ನಷ್ಟವಿಲ್ಲದ ಸುಳ್ಳು, ಹೆಚ್ಚು ಹೇಳಿದ್ದಕ್ಕೆ ಯಾರು ಜಗಳಕ್ಕೆ ಬರುತ್ತಾರೆ ಎಂದುಕೊಂಡೆ. ಮುಂದಿನ ಪಕ್ಷವೂ ಒಂದು, ಅದರಾಚೆಯೂ ಒಂದು.

ಜಗಳಕ್ಕೆ ಬಂದರು. ವಿಶ್ವವಿದ್ಯಾಲಯದವರು ಆ ವಾರಗಳಲ್ಲಿ ನನಗೆ ಚಿಕ್ಕಾಸೂ ಕೊಟ್ಟಿಲ್ಲವಲ್ಲ. ಹಾಗಿದ್ದ ಮೇಲೆ ಈ ಡಾಲರು ಬಂದದ್ದೆಲ್ಲಿಂದ, ಇವಳು ಗುಟ್ಟಾಗಿ ಇನ್ನೆಲ್ಲೋ ದುಡಿಯುತ್ತಿದ್ದಾಳೆಯೇ ಎಂದು ಭತ್ಯೆ ಕಚೇರಿಯ ಯಂತ್ರಕ್ಕೆ ಗುಮಾನಿ ಬಂತು. ವಿವರಣೆ ಕೊಡುವ ತನಕ ಭತ್ಯೆಗೆ ತಡೆ. ಮನೆ ಬಾಡಿಗೆಯ ದಿನ ಎದುರಿಗಿತ್ತು. ಅದು ತಪ್ಪಿದರೆ ನಾನು ಈ ಊರಿನಲ್ಲಿ ಸ್ವಂತ ಬಾಗಿಲು ಹಾಕಿಕೊಂಡು ಬದುಕುವುದೂ ತಪ್ಪಿದಂತೆಯೇ. ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನ್ನಕ್ಕನಿಗೆ ಫೋನು ಮಾಡಿದೆ. ‘ನಿಂಗ್ಯಾಕೆ ಬೇಕಿತ್ತು ಕಣೇ ಈ ರಗಳೆ? ಆ ಎಕ್ಸಾಮ್ ಡ್ಯೂಟಿ ಬಿಟ್ಬಿಡು. ಹೋದ್ರೂ ಅರ್ಧ ಅವ್ರೇ ಕಿತ್ಕೋತಾರೆ. ಗಂಟುಮೂಟೆ ಕಟ್ಕೊಂಡು ಸುಮ್ನೆ ನಮ್ಮನೆಗೆ ಬಂದ್ಬಿಡು’ ಎಂದಳು. ಪ್ರೀತಿಯ ಮಾತೇ. ಆದರೂ ನನಗೆ ಸಿಟ್ಟು ನೆತ್ತಿಗೇರಿತು.

ಸಿಟ್ಟಿನ ಬೇರು ಹಳೆಯದು. ಇಲ್ಲಿನ ಕನ್ನಡಿಗರ ಯುಗಾದಿಯ ಊಟದಲ್ಲಿ ಒಬ್ಬ ಅಂಕಲ್ ನನ್ನ ಎಲೆಗೆ ಹೋಳಿಗೆ ಬಡಿಸುತ್ತಾ, ‘ನಮ್ಮವರು ಯಾರೂ ಡೋಲ್ ತಗೊಳಲ್ಲಮ್ಮಾ, ಅಲ್ವಾ?’ ಎಂದು ಪಂಕ್ತಿಗೆಲ್ಲ ಕೇಳುವಂತೆ ಅಂದಿದ್ದರು. ಇಲ್ಲಿ ಆ ಭತ್ಯೆಗಿರುವ ಅಡ್ಡಹೆಸರು ಅದು. ಅಂದು ತುಪ್ಪವನ್ನು ನೋಡುತ್ತ ಕೂತೆ. ಇಂದು ಕೇಳಿದರೆ ಹೇಳುತ್ತೇನೆ: ತಗೊಳ್ತೀನಿ ಅಂಕಲ್, ಪಕ್ಷಕ್ಕೊಮ್ಮೆ, ಎರಡೂ ಕೈಯಲ್ಲಿ. ಪರ್ತ್‌ನಲ್ಲಿ ವರ್ಷವರ್ಷವೂ ಸಂಬಳದಿಂದ ತೆರಿಗೆ ಹಿಡಿದುಕೊಂಡಾಗ ನನ್ನನ್ನು ಯಾರೂ ದಾನಶೂರೆಯೆಂದು ಹೊಗಳಲಿಲ್ಲ; ಪಡೆಯುವಾಗ ಮಾತ್ರ ಭಿಕ್ಷುಕಿಯೆನ್ನಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

ಈ ಭಾಷಣವನ್ನು ಬಸ್ಸಿನಲ್ಲಿ ಕಂಠಪಾಠ ಮಾಡಿಕೊಂಡು ಕಚೇರಿಗೆ ಹೋದೆ. ಯುದ್ಧಕ್ಕೆ ಸಜ್ಜಾದವಳ ಎದುರಿಗೆ ಕೂತಿದ್ದವಳು ಗಿಳಿಯ ಓಲೆ ಹಾಕಿಕೊಂಡಿದ್ದ, ಶೀತದಿಂದ ಮೂಗು ಒರೆಸಿಕೊಳ್ಳುತ್ತಿದ್ದ ಅಧಿಕಾರಿಣಿ. ‘ಈ ಒಂದು ಡಾಲರ್ ಕೊಟ್ಟವರು ಯಾರು, ಡಾರ್ಲ್?’ ಎಂದು ಇಲ್ಲಿನವರ ಸಲಿಗೆಯ ಸಂಬೋಧನೆ ಸೇರಿಸಿ ಕೇಳಿದಳು. ಕಂಠಪಾಠ ಹಾರಿಹೋಯಿತು. ಅಕ್ಕಿಯಿಂದಲೇ ಹೇಳತೊಡಗಿದೆ: ಡಬ್ಬಿ, ದೀಪ, ಅಮ್ಮ. ಅವಳು ಟೈಪು ಮಾಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

‘ಸೊನ್ನೆ ಕಂಡರೆ ನಿಮಗೆ ಹೆದರಿಕೆ, ಹಾಗಾದರೆ.’

‘ಹೆದರಿಕೆಯಲ್ಲ, ಮರ್ಯಾದೆ. ನನ್ನ ದುಡಿಮೆಗೆ ಸೊನ್ನೆ ಎಂದು ನಾನೇ ಬರೆದುಕೊಳ್ಳುವುದಿಲ್ಲ’ ಎಂದೆ. ದನಿ ಏರಿತ್ತು, ಹಿಂದಿನ ಸಾಲಿನ ಮಗುವೊಂದು ತಿರುಗಿ ನೋಡಿತು.

ಅವಳು ಬೇಸರಿಸಿಕೊಳ್ಳಲಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಕೆಲಸವಿಲ್ಲದ ಪ್ರತಿ ಪಕ್ಷಕ್ಕೂ ನನ್ನ ಹೆಸರಿನಲ್ಲಿ ಒಂದಿಷ್ಟು ಜಮೆಯಾಗುತ್ತದಂತೆ. ಅದು ನಗದಲ್ಲ, ರಿಯಾಯಿತಿ: ಮುಂದೆ ಕೆಲಸ ಸಿಕ್ಕಿದಾಗ ಆ ಜಮೆ ಕರಗುವ ತನಕ ಸಂಬಳಕ್ಕಾಗಿ ಭತ್ಯೆಯನ್ನು ಕಡಿಯುವುದಿಲ್ಲ. ಬರಿದಾದ ಪಕ್ಷಗಳು ಸುಮ್ಮನೆ ಬರಿದಾಗಿರಲಿಲ್ಲ, ತುಂಬುತ್ತಿದ್ದವು! ನಾನು ಮರ್ಯಾದೆಗೆಂದು ಬರೆದ ಡಾಲರುಗಳು ಆ ಜಮೆಯನ್ನೇ ಅಷ್ಟಷ್ಟು ಕೊರೆದಿದ್ದವು. ಇಷ್ಟು ಒಳ್ಳೆಯ ನಿಯಮವನ್ನು ಯಾರ ಕಣ್ಣಿಗೂ ಕಾಣದ ಮೂಲೆಯಲ್ಲಿ ಇಟ್ಟದ್ದೇಕೆ ಎಂದು ಜಗಳ ತೆಗೆದೆ. ಅದು ತನ್ನ ಕೈಯಲ್ಲಿಲ್ಲ ಎಂದಳು. ದೂರು ಬರೆಯಲು ಹಾಳೆ ಕೇಳಿದೆ, ಕೊಟ್ಟಳು, ಅಲ್ಲೇ ಕೂತು ಬರೆದುಕೊಟ್ಟೆ. ನನ್ನ ಡಾಲರುಗಳನ್ನು ಒಂದೊಂದಾಗಿ ಅಳಿಸಿ, ಆರ್ವೋ ಹೊತ್ತಿಗೆ, ಅಂದರೆ ಮಧ್ಯಾಹ್ನದ ಹೊತ್ತಿಗೆ, ತಡೆ ತೆಗೆಯುವುದಾಗಿ ಹೇಳಿದಳು, ಹೇಳಿದಂತೆ ನಡೆದುಕೊಂಡಳು. ಬಾಡಿಗೆ ಕಟ್ಟಿದೆ.

ಪರೀಕ್ಷೆ ಮತ್ತೆ ಬಂತು. ಅಕ್ಕ ಮತ್ತೆ ಬೇಡವೆಂದಳು. ಜಮೆ ಕರಗಿದ ಮೇಲೆ ಕಡಿತ ಇದ್ದೇ ಇರುತ್ತದೆ, ನಾನು ಅರ್ಧ ಮೊಸರಿಗೇ ದುಡಿಯಬೇಕು, ಎಲ್ಲ ಗೊತ್ತು. ಆದರೂ ಹೋಗುತ್ತೇನೆಂದೆ. ಆ ದೊಡ್ಡ ಪರೀಕ್ಷಾ ಕೊಠಡಿಯಲ್ಲಿ ನಾನು ‘ಬರೆಯುವುದನ್ನು ನಿಲ್ಲಿಸಿ’ ಎಂದೊಡನೆ ನಾಳಿನ ವೈದ್ಯರು, ವಕೀಲರೆಲ್ಲ ಪೆನ್ನು ಕೆಳಗಿಡುತ್ತಾರೆ. ನನ್ನ ಮಾತಿಗೆ ಇಷ್ಟು ಜನ ಬೆಲೆ ಕೊಡುವ ಜಾಗ ಈ ದೇಶದಲ್ಲಿ ಇನ್ನೊಂದಿಲ್ಲ, ಅದರಲ್ಲಿ ಅರ್ಧ ಕಡಿತ ಮಾಡುವ ಕಾನೂನೂ ಇನ್ನೂ ಬಂದಿಲ್ಲ.

ಪರೀಕ್ಷೆ ಮುಗಿದು ಬರಿದಾದ ಪಕ್ಷ ಬಂದಾಗ ಕಂಪ್ಯೂಟರಿನ ಮುಂದೆ ಕೂತೆ. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ತಳ ಕಾಣುತ್ತಿತ್ತು. ಖಾಲಿ ಚೌಕದಲ್ಲಿ ಸೊನ್ನೆಯನ್ನು ಗಟ್ಟಿಯಾಗಿ ಒತ್ತಿದೆ. ಒತ್ತುವಾಗ, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ, ‘ತುಂಬಿದೆ’ ಅಂದೆ. ಕಾನೂನು ನೋಡುವುದು ಬೆರಳನ್ನು, ಬಾಯಿ ಇನ್ನೂ ನನ್ನದೇ. ಆಮೇಲೆ ಚೀಲ ಹಿಡಿದು ಅಕ್ಕಿ ತರಲು ಹೋಗಿ ಬಂದೆ.