ಫ್ಲೂಯಿಡ್ ಉಗ್ರಪ್ಪ

ಅಜ್ಜಂಪುರದಲ್ಲಿ ಉಗ್ರಪ್ಪನ ಗ್ಯಾರೇಜ್ ಎಲ್ಲಿ ಅಂತ ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸಿಯಾರು. 'ಫ್ಲೂಯಿಡ್ ಉಗ್ರಪ್ಪ' ಎನ್ನಿ, ನಗುತ್ತಲೇ ತರೀಕೆರೆ ರಸ್ತೆಯ ಕಡೆ ಕೈ ಮಾಡುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು ನಾನು. ಅಡ್ಡಹೆಸರು ಇಡುವುದರಲ್ಲಿ ನಮ್ಮೂರಿನವರು ಎಂಥ ನಿಸ್ಸೀಮರೆಂದು ಅನುಭವದಿಂದಲೇ ಬಲ್ಲೆ. ಆದರೆ ಈ ಹೆಸರಿನ ಹಿಂದೆ ಏನಿತ್ತೆಂದು ತಿಳಿದ ಮೇಲೆ ನನಗೆ ನಗು ಬರುವುದಿಲ್ಲ.

ಬ್ರೇಕಿಗೆ ಹಾಕುವ ದ್ರವಕ್ಕೆ ನಮ್ಮ ಸೀಮೆಯಲ್ಲಿ ಎಲ್ಲರೂ ಬ್ರೇಕ್ ಆಯಿಲ್ ಎಂದೇ ಹೇಳುವುದು. ಅಂಗಡಿಯವನೂ ಹಾಗೇ, ಡ್ರೈವರೂ ಹಾಗೇ. ಉಗ್ರಪ್ಪನ ಮುಂದೆ ಮಾತ್ರ ಆ ಮಾತು ಎತ್ತುವಂತಿಲ್ಲ.

"ಆಯಿಲ್ ಅನ್ಬೇಡಿ ಮೇಷ್ಟ್ರೇ, ಫ್ಲೂಯಿಡ್ ಅನ್ನಿ."

"ಏನಪ್ಪಾ, ನನಗೇ ಇಂಗ್ಲಿಷ್ ಪಾಠ ಹೇಳ್ತೀಯಾ? ಎರಡೂ ಇಂಗ್ಲಿಷೇ ಅಲ್ವೇನಯ್ಯ?" ಎಂದು ನಾನೊಮ್ಮೆ ರೇಗಿಸಿದೆ. ಅವನು ಸ್ಪ್ಯಾನರ್ ಕೆಳಗಿಟ್ಟು, ಎದ್ದು ಹೋಗಿ, ಹಿತ್ತಲಿನ ಬೇವಿನ ಮರದ ಕೆಳಗೆ ಬಹಳ ಹೊತ್ತು ನಿಂತ. ಕೆಲಸಗಾರನಿಗೆ ಇಷ್ಟು ಜಂಬವೇ ಎಂದು ನನಗೆ ಸಿಟ್ಟು ಬಂದಿತ್ತು. ದಡ್ಡ ನಾನು.

ಕೆಲಸದಲ್ಲಿ ಅವನ ಹಾಗೆ ಇನ್ನೊಬ್ಬನಿಲ್ಲ. ಬ್ರೇಕ್ ಸರಿಯಿಲ್ಲ ಎಂದರೆ ಬೇರೆಯವರು ಮೊದಲು ಚಕ್ರ ಬಿಚ್ಚುತ್ತಾರೆ. ಉಗ್ರಪ್ಪ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಪೆಡಲ್ ಒತ್ತಿ ಹಿಡಿಯುತ್ತಾನೆ. ಮೆತ್ತಗೆ ಸ್ಪಂಜಿನ ಹಾಗಿದ್ದರೆ ಪೈಪಿನೊಳಗೆ ಗಾಳಿ ಸೇರಿದೆ. ಒತ್ತಿ ಹಿಡಿದಂತೆಯೇ ನಿಧಾನ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಪಂಡಿತರು ನಾಡಿ ಹಿಡಿದ ಹಾಗೆ ಅವನು ಕಾಲಿನಲ್ಲೇ ಕಂಡುಹಿಡಿಯುತ್ತಾನೆ. ಗಾಡಿ ಒಪ್ಪಿಸಿದ ಒಂದು ಗಂಟೆಗೆ ಸರಿಯಾಗಿ ಫೋನು ಬರುತ್ತದೆ: "ಪೆಡಲ್ ಗಟ್ಟಿ ಐತಾ?" ಅದೊಂದೇ ಮಾತು.

ಅವನ ಇನ್ನೂ ಕೆಲವು ಚಾಳಿಗಳು ನನ್ನ ಕಣ್ಣಿಗೆ ಬಿದ್ದಿದ್ದವು. ಬಸ್ಸಿನಲ್ಲಿ ಕೂತಾಗಲೂ ಅವನ ಬಲಗಾಲು ನೆಲವನ್ನು ಒತ್ತುತ್ತಲೇ ಇರುತ್ತಿತ್ತು. ರಿಪೇರಿಯಾದ ಗಾಡಿಯನ್ನು ಓಡಿಸಿ ನೋಡಲು ಯಾವ ದಾರಿಗಾದರೂ ಹೋಗುತ್ತಿದ್ದ, ಶಿವನಿ ರಸ್ತೆಗೆ ಮಾತ್ರ ತಿರುಗಿಸುತ್ತಿರಲಿಲ್ಲ. ಅವನ ಹೆಂಡತಿ ಕೋಮಲಾ ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದಳು: "ಮಲಗಿದ್ರೂ ಕಾಲು ಒದಿತಾರೆ ಸಾರ್. 'ಹೋಯ್ತು, ಹೋಯ್ತು' ಅಂತಾರೆ. ಏನು ಹೋಯ್ತು ಅಂದ್ರೆ ಹೇಳಲ್ಲ."

ಹೋದ ಜನವರಿಯಲ್ಲಿ ನನ್ನ ಕಾರಿನ ಕೆಲಸಕ್ಕೆಂದು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಒಂದು ಟ್ರಾಕ್ಟರ್ ಹಗ್ಗ ಕಟ್ಟಿ ಬಿಳಿ ವ್ಯಾನೊಂದನ್ನು ಎಳೆದುಕೊಂಡು ಬಂತು. ಬಾಗಿಲು ನೆಗ್ಗಿತ್ತು, ಮೈಯೆಲ್ಲ ವರ್ಷಾನುಗಟ್ಟಲೆಯ ಧೂಳು. ಟ್ರಾಕ್ಟರಿನಿಂದ ಇಳಿದವರು ಶಿವನಿಯ ಕಲ್ಲಮ್ಮ. ಅವರ ಗಂಡ ತೀರ್ಥಪ್ಪ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು. ಒಂಬತ್ತು ವರ್ಷದ ಹಿಂದೆ ಕೆಮ್ಮಣ್ಣುಗುಂಡಿಯಿಂದ ಇಳಿಯುವಾಗ ಇದೇ ವ್ಯಾನು ಚರಂಡಿಗೆ ಉರುಳಿ ತೀರಿಕೊಂಡಿದ್ದರು.

ಊರು ಅವತ್ತೇ ತೀರ್ಪು ಕೊಟ್ಟಿತ್ತು: ಕುಡಿದು ಓಡಿಸಿದ. ಸಾಕ್ಷಿ ಏನಪ್ಪಾ ಅಂದರೆ ವ್ಯಾನಿನ ಪಕ್ಕ ಸಿಕ್ಕಿದ ಒಂದು ಖಾಲಿ ಬಾಟಲಿ. ಆ ರಸ್ತೆಯ ಚರಂಡಿಯಲ್ಲಿ ಬಾಟಲಿ ಸಿಗದಿದ್ದರೆ ತಾನೇ ಆಶ್ಚರ್ಯ! ಆದರೆ ಕತ್ತಿನಲ್ಲಿ ಲಿಂಗ ಕಟ್ಟಿಕೊಂಡು, ಮಠಕ್ಕೆ ನಡೆದುಕೊಂಡಿದ್ದ ಮನೆಗೆ ಆ ಮಾತು ಸಾವಿಗಿಂತ ದೊಡ್ಡ ಪೆಟ್ಟಾಯಿತು. ಕಲ್ಲಮ್ಮನ ಮೈದುನ, ತೀರ್ಥಪ್ಪನ ಸ್ವಂತ ತಮ್ಮನೇ ವರ್ಷದ ಕಾರ್ಯಕ್ಕೆ ಬರಲಿಲ್ಲವಂತೆ.

ವ್ಯಾನನ್ನು ಕಂಡದ್ದೇ ಉಗ್ರಪ್ಪನ ಮುಖದ ಕಳೆ ಹೋಯಿತು.

"ಅನುಷಾ ರೊಟ್ಟಿ ವ್ಯಾಪಾರ ಶುರು ಮಾಡವ್ಳೆ ಕಣಪ್ಪ, ಬೀರೂರು ಕಡೂರಿಗೆ ಸಾಗಿಸ್ಬೇಕು. ಬ್ರೇಕು ಕಚ್ಕಂಡು ಕೂತದೆ. ಇದು ಎದ್ದರೆ ಮಗಳಿಗೆ ಅನುಕೂಲ" ಎಂದರು ಕಲ್ಲಮ್ಮ.

ಅವನು ಈ ಸಲ ಪೆಡಲಿಗೆ ಕಾಲೇ ಇಡಲಿಲ್ಲ. ನೇರವಾಗಿ ಬ್ರೇಕಿನ ದ್ರವ ತುಂಬುವ ಡಬ್ಬಿಯ ಮುಚ್ಚಳ ತಿರುಗಿಸಿದ. ಒಳಗಿನ ರಬ್ಬರು ನೆನೆದ ಕಡಲೆಯ ಹಾಗೆ ಊದಿಕೊಂಡಿತ್ತು. ಕುಡಿಯುವ ನೀರಿನ ಗಾಜಿನ ಲೋಟ ತಂದ. ಡಬ್ಬಿಯಿಂದ ನಾಲ್ಕು ಹನಿ ಎತ್ತಿ ಲೋಟಕ್ಕೆ ಬಿಟ್ಟ. ವಿಜ್ಞಾನದ ಮೇಷ್ಟ್ರಾದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬ್ರೇಕಿನ ದ್ರವವಾಗಿದ್ದರೆ ನೀರಿನಲ್ಲಿ ಬೆರೆತು ಹೋಗಬೇಕು. ಇದು ಮೇಲೆ ಕಪ್ಪಗೆ ತೇಲಿತು. ಇಂಜಿನ್ ಆಯಿಲ್.

'ಹಳೇ ಗಾಡಿ, ರಬ್ಬರು ಹೋಗಿದೆ' ಅಂತ ಉಗ್ರಪ್ಪ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಕಲ್ಲಮ್ಮನಿಗೆ ಗೊತ್ತಾಗುತ್ತಿರಲಿಲ್ಲ. ನಾನೂ ಬಾಯಿ ಬಿಡುತ್ತಿರಲಿಲ್ಲವೇನೋ. ಅವನು ಗೋಡೆಯ ಮೇಲಿದ್ದ ಬುದ್ಧನ ಫೋಟೋವನ್ನೊಮ್ಮೆ ನೋಡಿದ, ಆಮೇಲೆ ನೆಲ ನೋಡಿದ.

"ಅಮ್ಮಾ, ತೀರ್ಥಪ್ನೋರು ಕುಡ್ದಿರ್ಲಿಲ್ಲ."

ಕಲ್ಲಮ್ಮ ಅವನತ್ತ ತಿರುಗಿದರು.

"ವ್ಯಾನು ಉರುಳೋಕೆ ನಾಕು ದಿನ ಮುಂಚೆ ನಂಗೆ ಫೋನ್ ಮಾಡಿದ್ರು, ಬ್ರೇಕಿನ ಕೆಂಪು ಲೈಟ್ ಬತ್ತಾ ಐತೆ ಅಂತ. ನಾನು ಯಾವ್ದೋ ಗಾಡಿ ಕೆಳಗೆ ಮಲ್ಗಿದ್ದೆ. 'ಆಯಿಲ್ ಕಮ್ಮಿ ಆಗಿರ್ತದೆ ಅಣ್ಣಾ, ಡಬ್ಬಿಗೆ ಒಸಿ ಆಯಿಲ್ ಹಾಕ್ಕಳಿ' ಅಂದು ಫೋನ್ ಇಟ್ಟೆ. ಯಾವ ಆಯಿಲ್ ಅಂತ ನಾನು ಹೇಳ್ಲಿಲ್ಲ, ಅವರು ಕೇಳ್ಲಿಲ್ಲ."

"ಪಂಪ್‌ಸೆಟ್ಟಿನ ಇಂಜಿನ್ ಆಯಿಲ್ ಹಾಕಿದ್ರು. ಪಡಸಾಲೇಲಿತ್ತು ಡಬ್ಬ" ಎಂದರು ಕಲ್ಲಮ್ಮ ಮೆಲ್ಲಗೆ.

"ಅದು ಬಿದ್ರೆ ಒಳಗಿನ ರಬ್ಬರೆಲ್ಲ ಊದ್ಕತದೆ. ನಾಕು ದಿನ ಹೆಂಗೋ ನಡಿತದೆ. ಇಳಿಜಾರಲ್ಲಿ ಬ್ರೇಕು ಕಾದಾಗ ಒಂದೇ ಸಲಕ್ಕೆ ಕೈ ಕೊಡ್ತದೆ. ಸುದ್ದಿ ಕೇಳಿದ್ ದಿನದಿಂದ ನಂಗೆ ಅನುಮಾನ ಅಮ್ಮಾ. ಊರೋರು ಕುಡ್ದಿದ್ದ ಅಂದ್ರು, ನಾನು ಸುಮ್ಕಾಗ್ಬಿಟ್ಟೆ. ಮಣ್ಣಿಗೂ ಬರ್ಲಿಲ್ಲ."

ನನಗೆ ಅವನ ಮೇಲೆ ಕೋಪ ಉಕ್ಕಿತು, ಅಷ್ಟೇ ಮರುಕವೂ ಬಂತು. ಕಲ್ಲಮ್ಮ ಬೆಂಚಿನ ತುದಿಯಲ್ಲಿ ಕುಸಿದು ಕೂತರು. ಅತ್ತಿದ್ದರೆ ನೋಡುವುದು ಸುಲಭವಾಗಿತ್ತು. ಅವರು ಅಳಲಿಲ್ಲ.

"ನಾನೂ ನಂಬಿದ್ದೆ ಕಣೋ" ಎಂದರು. "ಒಂಬತ್ತು ವರ್ಷ ಅವರ ಫೋಟೋಕ್ಕೆ ಬೈಕೊಂಡೇ ಹೂ ಹಾಕಿದೀನಿ."

ಸ್ವಲ್ಪ ಹೊತ್ತಿನ ಮೇಲೆ ಎದ್ದು ಸೆರಗು ಕೊಡವಿಕೊಂಡರು. "ರಿಪೇರಿ ಮಾಡು. ಮಾಡಿ, ನೀನೇ ಓಡಿಸ್ಕಂಡು ಶಿವನಿಗೆ ಬಾ. ಇಲ್ಲಿ ಹೇಳಿದ್ದನ್ನ ನನ್ನ ಮೈದುನನ ಮುಂದೆ, ಬೀದಿಯೋರ ಮುಂದೆ ಹೇಳು. ಉಳಿದದ್ದು ಆಮೇಲೆ."

ಐದು ದಿನ ಅವನು ಬೇರೆ ಗಾಡಿ ಮುಟ್ಟಲಿಲ್ಲ. ಸಿಲಿಂಡರು, ಹೋಸು, ಚಿಕ್ಕಪುಟ್ಟ ರಬ್ಬರೆಲ್ಲ ಬದಲಾಯಿಸಿದ, ಪೈಪುಗಳನ್ನು ತೊಳೆದ. ಆರನೆಯ ದಿನ ಕಲ್ಲಮ್ಮ ಬಂದಾಗ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸವೊಂದು ಉಳಿದಿತ್ತು. ಅದಕ್ಕೆ ಇಬ್ಬರು ಬೇಕು: ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಮಲಗಿ ಸ್ಕ್ರೂ ಸಡಿಲಿಸಬೇಕು. ದಿನಾ ಒತ್ತುವವಳು ಕೋಮಲಾ. ಅವಳು ತರೀಕೆರೆಗೆ ಹೋಗಿದ್ದಳು. ನನ್ನ ಮಂಡಿಯ ಕಥೆ ಕೇಳುವುದೇ ಬೇಡ. "ನಾನು ಒತ್ತೀನಿ ಬಿಡು" ಎಂದು ಕಲ್ಲಮ್ಮ ಸೀಟು ಹತ್ತಿದರು.

"ಒತ್ತಿ ಹಿಡ್ಕಳಿ ಅಮ್ಮಾ."

"ಹಿಡ್ಕಂಡೆ."

ಅವನು ಸ್ಕ್ರೂ ತಿರುಗಿಸಿದ. ಕಲ್ಲಮ್ಮ ಚೀರಿದರು. ಸ್ಕ್ರೂ ಬಿಚ್ಚಿದಾಗ ಪೆಡಲ್ ನೆಲಕ್ಕೆ ಇಳಿಯುವುದು ಸಹಜ. ಕೋಮಲಾಗೆ ಅದನ್ನು ಹೇಳಬೇಕಾದ್ದಿಲ್ಲ, ಇವರಿಗೆ ಹೇಳಲು ಅವನು ಮರೆತಿದ್ದ. ನಾನು ಕುಂಟುತ್ತ ಓಡಿದೆ. ಎದುರಿಗೆ ಗೋಡೆ ಬಿಟ್ಟರೆ ಏನೂ ಇಲ್ಲ, ಆದರೂ ಅವರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಹಿಡಿದು ಮುಂದೆಯೇ ನೋಡುತ್ತಿದ್ದರು.

"ಕೆಳಗೆ ಹೋಗ್ಬಿಡ್ತು ಕಣಪ್ಪಾ. ಅವರಿಗೂ ಹಿಂಗೇ ಆಗಿತ್ತಾ?"

ಉಗ್ರಪ್ಪ ವ್ಯಾನಿನ ಕೆಳಗಿನಿಂದಲೇ ಹೇಳಿದ:

"ಹೂಂನಮ್ಮ. ಹಿಂಗೇ. ನಾನು ಹೇಳೋವರ್ಗೂ ಕಾಲು ತೆಗಿಬೇಡಿ."

"ತೆಗಿಯಲ್ಲ" ಎಂದರು ಕಲ್ಲಮ್ಮ. "ಅವರೂ ತೆಗ್ದಿರಕ್ಕಿಲ್ಲ."

ಉಗ್ರಪ್ಪ ಸ್ಕ್ರೂ ಬಿಗಿ ಮಾಡಿದ. ಅವತ್ತು ಸಂಜೆ ವ್ಯಾನು ಶಿವನಿ ರಸ್ತೆಗೆ ತಿರುಗಿತು, ಓಡಿಸುತ್ತಿದ್ದವನು ಅವನೇ.