ಬಣ್ಣದ ಮನೆಯಲ್ಲಿ ಒಂದು ಚಿಟಿಕೆ ಉಪ್ಪು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಇನ್ನೂ ಎದ್ದಿಲ್ಲ. ಆಶಾ ಕಾರ್ಯಕರ್ತೆ ಇಂದ್ರವ್ವ ಆಗಲೇ ಒಂದು ಬಾಗಿಲ ಮುಂದೆ ನಿಂತು, "ಒಂದ್ ಚಿಟಿಕಿ ಉಪ್ಪು ಕೊಡ್ರಿ" ಎನ್ನುತ್ತಾರೆ. ಬೆಳ್ಳಂಬೆಳಗ್ಗೆ ಉಪ್ಪು ಕೇಳಿ ಬಂದವರನ್ನು ಕಂಡು ಮುಖ ಅರಳಿಸುವ ಮನೆಗಳು ಕಡಿಮೆ. ಇಂದ್ರವ್ವನವರಿಗೆ ಅದೂ ರೂಢಿಯಾಗಿದೆ. ಕೊಟ್ಟ ಉಪ್ಪಿನ ಮೇಲೆ ಪುಟ್ಟ ಬಾಟಲಿಯಿಂದ ಒಂದು ಹನಿ ಬಿಡುತ್ತಾರೆ. ನೇರಳೆ ಬಣ್ಣ ಬಂದರೆ ಅದರಲ್ಲಿ ಅಯೋಡಿನ್ ಇದೆ. ಬಾರದಿದ್ದರೆ ಕಟ್ಟೆಯ ಮೇಲೆ ಕೂತೇಬಿಡುತ್ತಾರೆ. ಒಪ್ಪಿಸದೆ ಏಳುವ ಪೈಕಿ ಅಲ್ಲ ಈ ಹೆಣ್ಣುಮಗಳು.

"ಅಯೋಡಿನ್ ಕಣ್ಣಿಗಿ ಕಾಣದಷ್ಟು ಇರತೈತ್ರಿ. ಆದ್ರ ಹೊಟ್ಟ್ಯಾಗಿನ ಕೂಸಿನ ಮಿದುಳು ಬೆಳಿಯಾಕ ಬೇಕ ಬೇಕು. ಆಗ ತಪ್ಪಿದ್ದು ಆಮ್ಯಾಲೆ ಪೂರಾ ತುಂಬಿ ಬರೂದಿಲ್ಲ" ಎನ್ನುತ್ತಾರೆ. ಉಪ್ಪು ಹೆಚ್ಚು ತಿನ್ನಿ ಎಂದು ಅವರು ಯಾರಿಗೂ ಹೇಳುವುದಿಲ್ಲ. ತಿನ್ನುವಷ್ಟು ಉಪ್ಪು ಅಯೋಡಿನ್ ಇರುವುದೇ ಆಗಿರಲಿ, ಡಬ್ಬಿಗೆ ಮುಚ್ಚಳವಿರಲಿ, ಅಷ್ಟೇ.

ಶಿರೂರಿನ ಹೊಲದ ಕೆಲಸದಲ್ಲಿ ಬೆಳೆದ ಇಂದ್ರವ್ವ, ಗ್ರಾನೈಟ್ ಪಾಲಿಶ್ ಮಾಡುವ ಚಂದಪ್ಪನ ಕೈಹಿಡಿದು ಈ ಊರಿಗೆ ಬಂದವರು. ಬಿಸಿಲಲ್ಲಿ ಓಡಾಡಿ ಹಿಮ್ಮಡಿ ಒಡೆದಿವೆ. ಕೆಲವರು ಮುಖದ ಮೇಲೆ ಬಾಗಿಲು ಹಾಕಿದ್ದೂ ಉಂಟು. ಆದರೆ ಅವರನ್ನು ನಿಜಕ್ಕೂ ಸತಾಯಿಸಿದ್ದು ದುರ್ಗವ್ವನವರ ಮನೆ.

ಅದು ನೂಲಿಗೆ ಬಣ್ಣ ಹಾಕುವ ಮನೆ. ಬಣ್ಣ ನೂಲಿಗೆ ಹತ್ತಲು ಹಂಡೆಗೆ ಉಪ್ಪು ಸುರಿಯಬೇಕು. ಅದಕ್ಕೆಂದು ತಂದ ಹರಳುಪ್ಪಿನ ಚೀಲದಿಂದಲೇ ಅಡುಗೆಗೂ ಮೊಗೆಯುತ್ತಿದ್ದರು. ಸೊಸೆ ಸಪ್ನಾ ಆಗಷ್ಟೇ ಬಸುರಿ. ಆ ಉಪ್ಪಿಗೆ ಹನಿ ಬಿಟ್ಟರೆ ಬಣ್ಣವೇ ಬರಲಿಲ್ಲ. ಇಂದ್ರವ್ವ ಪಾಕೀಟಿನ ಉಪ್ಪು ತಂದು ಹನಿ ಬಿಟ್ಟು ತೋರಿಸಿದರು. ಕಡುನೇರಳೆ. ಗೆದ್ದೆ ಎಂದುಕೊಂಡರು, ಪಾಪ.

"ಇದ್ರಾಗ ಬಣ್ಣ ಬೆರೆಸ್ಯಾರ. ನಮ್ಮ ಉಪ್ಪು ನೋಡು, ಎಷ್ಟ್ ಚೊಕ್ಕ ಐತಿ! ಬಣ್ಣದಾಗ ಮುದುಕಿ ಆಗೇನಿ, ನನಗ ಕಲಿಸ್ತಿಯೇನ?" ಎಂದು ದುರ್ಗವ್ವ ಪಾಕೀಟನ್ನು ಹೊರಗಿಟ್ಟರು.

ಅಂದು ಇಂದ್ರವ್ವನವರಿಗೆ ಊಟ ಸೇರಲಿಲ್ಲ. ತಾನು ತೋರಿಸಿದ್ದೇ ತಿರುಗುಬಾಣವಾಯಿತಲ್ಲ ಎಂಬ ಸಂಕಟ. ಹೊಟ್ಟೆಯೊಳಗಿನ ಕೂಸು ಅತ್ತೆಯ ಮನಸ್ಸು ಬದಲಾಗುವ ತನಕ ಬೆಳೆಯದೆ ಕಾಯುತ್ತದೆಯೇ?

ಮರುದಿನ ಬೆಳಿಗ್ಗೆ ಮತ್ತೆ ಅದೇ ಮನೆಗೆ ಹೋದವರು ಬಾಟಲಿಯನ್ನು ತಮ್ಮ ಹೆಗಲಚೀಲದಿಂದ ತೆಗೆಯಲೇ ಇಲ್ಲ. ದುರ್ಗವ್ವನವರಿಂದ ಒಂದು ಲೋಟ ನೀರು, ಒಂದೆಳೆ ಬಿಳಿ ನೂಲು ಕೇಳಿದರು. ಪಾಕೀಟಿನ ಉಪ್ಪು ಕರಗಿಸಿ ನೂಲನ್ನು ಅದರಲ್ಲಿ ಅದ್ದಿ, "ಬಣ್ಣ ಬೆರೆಸಿದ್ರ ನೂಲಿಗಿ ಹತ್ತಬೇಕಲ್ಲ ದೊಡ್ಡವ್ವಾ? ನೀವ ನೋಡಿ ಹೇಳ್ರಿ" ಎಂದರು. ನೇರಳೆ ಬಣ್ಣ ಉಪ್ಪಿನದಲ್ಲ, ಬಾಟಲಿಯ ಔಷಧಿ ಅಯೋಡಿನ್ ಜೊತೆ ಸೇರಿದಾಗ ಬರುವುದೆಂದು ಬಿಡಿಸಿ ಹೇಳಿದರು.

ದುರ್ಗವ್ವ ನೂಲನ್ನು ಹಿಂಡಿದರು, ಉಗುರಿನಿಂದ ಉಜ್ಜಿದರು, ಬೆಳಕಿಗೆ ಹಿಡಿದರು. "ಹತ್ತಿಲ್ಲ" ಎಂದರು ಕೊನೆಗೆ. ಹರಳುಪ್ಪಿನ ಚೀಲವನ್ನು ತಾವೇ ಎಳೆದು ಹಂಡೆಯ ಕೋಣೆಗೆ ಹಾಕಿ, "ಸಪ್ನಾ, ಅಡಿಗಿಗಿ ಆ ಪಾಕೀಟ ಒಡಿ" ಎಂದರು.

ಸಪ್ನಾಳಿಗೆ ಈಗ ಐದನೇ ತಿಂಗಳು. ದುರ್ಗವ್ವ ಓಣಿಯ ಬಸುರಿಯರ ಮನೆಗೆಲ್ಲ ಹೋಗಿ ಉಪ್ಪಿನ ಡಬ್ಬಿ ತೆಗೆಸುತ್ತಾರೆ, ಇಂದ್ರವ್ವನವರಿಗಿಂತ ಜೋರಾಗಿ. ನಿಮ್ಮ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ ಎಂದರೆ ಇಂದ್ರವ್ವ ನಗುತ್ತಾರೆ.

"ಜ್ವರಾ ಇಳದ್ರ ಕಾಣತೈತಿ. ಇದು ಕಾಣೂದಿಲ್ರಿ. ನಾಳೆ ಆ ಕೂಸು ಸಾಲ್ಯಾಗ ಶಾಣ್ಯಾ ಆತಂದ್ರ, 'ನಮ್ಮ ಮನಿತನಾನ ಹಂಗ' ಅಂತಾಳ ದೊಡ್ಡವ್ವ. ಅನ್ಲಿ. ಆಕಿ ಹಂಗ ಅನ್ನೂದು ಕೇಳಬೇಕಂತನ ನಾ ದಿನಾ ಹೊಂಡತೇನಿ."